ಹೊತ್ತವರು ಯಾರು

"ಕೈ ತಗೀರಿ!" ಎಂದವಳೇ ಹೊನ್ನೂರಮ್ಮ ಹೆಣದ ಪೆಟ್ಟಿಗೆಯ ಮೂಲೆ ಹಿಡಿದಿದ್ದ ಕೈಯನ್ನು ಕಿತ್ತು ಆಚೆ ತಳ್ಳಿದಳು. ಆ ಕೈ ಚರ್ಚಿನ ಸಭೆಯ ಹಿರಿಯ ದೇವದಾನಪ್ಪನದು. ಕರೂರಿನ ಕೇರಿಯಲ್ಲಿ ಅದುವರೆಗೆ ಯಾರೂ ಅದನ್ನು ಹಾಗೆ ತಳ್ಳಿರಲಿಲ್ಲ.

"ಏನ್ ಬೇ ಹೊನ್ನೂರಿ, ತಲಿ ಕೆಟ್ಟೈತೇನು?"

"ನನ್ ತಲಿ ನೆಟ್ಟಗೈತಿ ಹಿರೇರ. ಊರಮ್ಮನ್ನ ನಾವು ಹೊರ್ತೀವಿ. ನೀವು ಹಿಂದ ಬರ್ರಿ."

ಅವಳ ಬೆನ್ನಿಗೆ ನಾಟಿ ಗುಂಪಿನ ಹೆಂಗಸರೆಲ್ಲ ಸೆರಗು ಬಿಗಿದು ನಿಂತಿದ್ದರು. ಜ್ವರ ಹಿಡಿದು ಮಲಗಿದ್ದ ಜೊತೆಗಾತಿ ಊರಮ್ಮ ಹೋದಳೆಂಬ ಸುದ್ದಿ ನಿನ್ನೆ ಗದ್ದೆಗೇ ಮುಟ್ಟಿತ್ತು. ಕೈಯಲ್ಲಿದ್ದ ಸಸಿಯನ್ನು ನೀರಲ್ಲೇ ಬಿಟ್ಟು ಬಂದವರು, ಇನ್ನೂ ತಮ್ಮ ತಮ್ಮ ಮನೆಯ ಒಲೆ ಹಚ್ಚಿರಲಿಲ್ಲ.

"ಹೆಂಗಸ್ರು ಹೆಣ ಹೊರೋದು ಎಲ್ಲ್ಯಾರ ಐತೇನು?" ದೇವದಾನಪ್ಪ ಸುತ್ತಲಿನ ಗಂಡಸರನ್ನು ನೋಡಿದ. "ಸಮಾಧಿ ತನಕ ಬರೋದ ಬ್ಯಾಡ ಅಂತೀವಿ, ಇವ್ರು ಹೆಗಲು ಕೊಡ್ತಾರಂತ! ಸಭೆಗೆ ಒಂದು ಕ್ರಮ ಐತಿ."

"ಕ್ರಮ ನಿಮ್ದು. ಬೈಬಲಿಂದು ಬ್ಯಾರೆ. ಯೇಸುಸ್ವಾಮಿನ್ನ ಹೆಂಗಸ್ರೇ ಹೊತ್ತಿದ್ರಂತ, ಅದ್ರಾಗ ಐತಂತ. ಊರಮ್ಮನೇ ಹೇಳ್ಯಾಳ. ನಾ ಸತ್ರ ನೀವೇ ಹೊರ್ರಿ ಅಂತ ನಮ್ ಕಡಿಂದ ಮಾತು ತಗೊಂಡಾಳ."

"ಊರಮ್ಮಗ ಓದಾಕ ಬರ್ತಿತ್ತೇನು?"

"ಓದೋರು ಅಲ್ಲೇ ಕುಂತಾರಲ್ಲ, ಕೇಳ್ರಿ."

ಎಲ್ಲರೂ ಬೇವಿನ ಮರದ ಕಡೆ ತಿರುಗಿದರು. ಅದರ ಬುಡದಲ್ಲಿ ಊರಮ್ಮನ ಗಂಡ ಸುಂಕಣ್ಣ ಬೈಬಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕೇರಿಯ ಪ್ರತಿ ಮದುವೆಗೆ, ಪ್ರತಿ ಸಾವಿಗೆ ವಾಕ್ಯ ಓದುವವನು ಅವನೇ. ಇವತ್ತು ತನ್ನ ಹೆಂಡತಿಗೂ ಅವನೇ ಓದಬೇಕಿತ್ತು.

ಸಿರುಗುಪ್ಪದಿಂದ ಮೊದಲ ಬಸ್ಸಿಗೆ ಬಂದಿದ್ದ ಅಯ್ಯನವರು ಏನೋ ಹೇಳಲು ಬಾಯಿ ತೆರೆದರು. ಬಳ್ಳಾರಿಯ ಗಾಂಧಿನಗರದ ಹುಡುಗ, ಈ ಬೇಸಿಗೆಯಲ್ಲಷ್ಟೇ ಪಾಸ್ಟರಾಗಿ ಈ ಕಡೆಗೆ ಬಂದವರು. ದೇವದಾನಪ್ಪ ಕೈ ಅಡ್ಡ ಹಿಡಿದ.

"ನೀವು ತಡೀರಿ ಅಯ್ಯನೋರ. ಸುಂಕಣ್ಣನ ಬಾಯಾಗೇ ಬರ್ಲಿ. ಇದ್ದದ್ದು ಐತಿ, ಇಲ್ಲದ್ದು ಇಲ್ಲ ಅನ್ನಾಂವ ಅಂವ. ಹೆಂಡ್ತಿ ಅಂತ ಒಂದಿನಾನೂ ಬಿಟ್ಟುಕೊಟ್ಟಾಂವಲ್ಲ."

ಸುಂಕಣ್ಣ ತಲೆ ಎತ್ತಿದಾಗ ಹೊನ್ನೂರಮ್ಮನ ಕಣ್ಣು ನೇರ ಅವನ ಮೇಲಿತ್ತು. ಇವನು ಇಲ್ಲ ಎಂದರೆ, ಪೆಟ್ಟಿಗೆಯೊಳಗೆ ಮಲಗಿದವಳು ಊರ ಮುಂದೆ ಸುಳ್ಳಿಯಾಗಿ ಮಣ್ಣಿಗೆ ಹೋಗುತ್ತಾಳೆ.

*

ಬಳ್ಳಾರಿಯ ಮಿಶನ್ ಸಾಲಿಯ ಹಾಸ್ಟೆಲಿನಲ್ಲಿ ಓದಿ ಬಂದ ಸುಂಕಣ್ಣನಿಗೆ ಕುರುಗೋಡಿನ ಊರಮ್ಮನನ್ನು ತಂದಾಗ, ನದಿ ಕಾಲುವೆಯ ನೀರು ಕರೂರಿಗೆ ಬಂದು ಬಹಳ ವರ್ಷವಾಗಿರಲಿಲ್ಲ. ಜೋಳದ ಹೊಲಗಳೆಲ್ಲ ನೆಲ್ಲಿನ ಗದ್ದೆಗಳಾಗುತ್ತಿದ್ದವು. ಮದುವೆಗೆ ಮುಂಚೆ ಅವಳಿಗೆ ದೀಕ್ಷಾಸ್ನಾನ ಕೊಟ್ಟು ಮಾರ್ತಮ್ಮ ಎಂದು ಹೆಸರಿಟ್ಟರು. ಆ ಹೆಸರು ಚರ್ಚಿನ ಬಾಗಿಲು ದಾಟಿ ಹೊರಗೆ ಬರಲೇ ಇಲ್ಲ.

ಒಂದು ಸಂಜೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದವಳು ಗಂಡನನ್ನು ಕೇಳಿದಳು, "ಮಾವ, ಮಾರ್ತ ಅಂದ್ರ ಯಾರು?"

ಸುಂಕಣ್ಣ ಉತ್ಸಾಹದಿಂದ ಪುಸ್ತಕ ಬಿಚ್ಚಿದ. ಅಕ್ಕ ತಂಗಿ ಇಬ್ಬರು. ಯೇಸುಸ್ವಾಮಿ ಮನೆಗೆ ಬಂದಾಗ ತಂಗಿ ಮರಿಯಳು ಪಾದದ ಹತ್ತಿರ ಕೂತು ಮಾತು ಕೇಳಿದಳು, ಅಕ್ಕ ಮಾರ್ತಳು ಮನೆಗೆಲಸದಲ್ಲಿ ಮುಳುಗಿ, ತಂಗಿ ಸಹಾಯಕ್ಕೆ ಬರುವುದಿಲ್ಲವೆಂದು ದೂರು ಹೇಳಿದಳು. ತಂಗಿ ಆರಿಸಿಕೊಂಡದ್ದೇ ಒಳ್ಳೆಯದು ಎಂದರು ಸ್ವಾಮಿ.

ಊರಮ್ಮನ ಕೈ ಹಿಟ್ಟಿನ ಮೇಲೆ ನಿಂತಿತು. "ಆಮ್ಯಾಗ?"

"ಆಮ್ಯಾಗೇನು? ಅಷ್ಟ."

"ಆವತ್ತು ರೊಟ್ಟಿ ಯಾರು ಬಡದ್ರು?"

"ಅದನ್ನ ಬರ್ದಿಲ್ಲ."

"ಬರೀಲಿಲ್ಲಂದ್ರ ಎಲ್ರೂ ಉಪಾಸ ಮಲಗಿದ್ರೇನು? ಮಾರ್ತನೇ ಬಡದಿರ್ತಾಳ. ಉಂಡು ಕೈ ತೊಳಕೊಂಡು ಎದ್ದು ಹೋಗಿರ್ತಾರ ನಿಮ್ಮೋರು."

"ಇಲ್ಲದ್ದನ್ನ ಸೇರಿಸಬಾರ್ದು ಬೇ. ಪಾಪ."

"ಇದ್ದದ್ದನ್ನ ಬಿಡೋದು ಪಾಪ ಅಲ್ಲೇನು?" ಎಂದು ನಗುತ್ತ ಬಿಸಿ ರೊಟ್ಟಿಯನ್ನು ಅವನ ಕಡೆ ಎಸೆದಳು. ಅದು ನೇರ ಬೈಬಲಿನ ಮೇಲೆ ಬಿತ್ತು. ಆ ಪುಟಕ್ಕೆ ಹತ್ತಿದ ಕಂದುಗಲೆ ಮುಂದೆಂದೂ ಹೋಗಲಿಲ್ಲ.

ಅಂದಿನಿಂದ ಅದು ಅವರ ಮನೆಯ ಊಟದಂತೆ ದಿನಾ ನಡೆಯಿತು. ಅವನು ಓದುವುದು, ಅವಳು ಬಿಟ್ಟುಹೋದದ್ದನ್ನು ಕೇಳುವುದು, ಅವನು ಇಲ್ಲ ಎನ್ನುವುದು. ಮರುದಿನ ಗದ್ದೆಯಲ್ಲಿ ಊರಮ್ಮ ಅದೇ ಕತೆಯನ್ನು ತನ್ನದೇ ಹೊಲಿಗೆ ಹಾಕಿ ಹೇಳುವಳು. ಬಸುರಿಯನ್ನು ಬಗ್ಗಿ ನಾಟಿ ಹಚ್ಚಲು ಬಿಡಬಾರದು, ಬೈಬಲಿನಾಗ ಐತಿ. ಕುಡಿದು ಹೊಡೆಯುವ ಗಂಡನಿಗೆ ಅನ್ನ ಇಕ್ಕಬಾರದು, ಅದೂ ಐತಿ. ಹೆಂಗಸರು ಕೆಸರಲ್ಲಿ ಸಾಲುಹಿಡಿದು ಹಿಂದಕ್ಕೆ ಸರಿಯುತ್ತ, ಆ ಬೈಬಲನ್ನೇ ಕಲಿತರು.

*

ನಗು ನಿಂತದ್ದು ಒಂದೇ ಸಲ.

ತಿಪ್ಪೇರುದ್ರಪ್ಪ ಗೌಡರ ಗದ್ದೆಯಲ್ಲಿ ಹೆಂಗಸರು ಸಸಿಯ ಕಟ್ಟನ್ನು ಬದುವಿನ ಮೇಲಿಟ್ಟು ಕೂತುಬಿಟ್ಟಿದ್ದರು. ಗಂಡಸರಿಗೆ ಕೊಡುವ ಕೂಲಿಯೇ ತಮಗೂ ಬೇಕು. ಆ ಮಾತಿಗೆ ಮುಂದೆ ನಿಂತವಳು ಊರಮ್ಮ. ದ್ರಾಕ್ಷಿತೋಟದ ಯಜಮಾನ ಬೆಳಿಗ್ಗೆ ಬಂದವರಿಗೂ ಇಳಿಹೊತ್ತಿಗೆ ಬಂದವರಿಗೂ ಸಮನಾಗಿ ಕೊಟ್ಟ ಕತೆಯನ್ನು ಅವಳು ಗೌಡರಿಗೇ ಹೇಳಿದ್ದಳು. "ಎಲ್ರಿಗೂ ಒಂದೇ ಕೂಲಿ, ನಮ್ ಬೈಬಲಿನಾಗ ಐತ್ರಿ."

ಗೌಡರು ಸಿಟ್ಟಾಗಲಿಲ್ಲ. ಸುಂಕಣ್ಣನನ್ನು ಕರೆಸಿದರು. "ಏನಲೇ ಸುಂಕ, ಹೆಂಗಸ್ರಿಗೆ ಗಂಡಸ್ರ ಕೂಲಿ ಕೊಡು ಅಂತ ನಿಮ್ ಪುಸ್ತಕದಾಗ ಐತೇನು? ನೀ ಹ್ಞೂಂ ಅನ್ನು, ಕೊಟ್ಟುಬಿಡ್ತೀನಿ."

ಗದ್ದೆಯ ಹೆಂಗಸರೆಲ್ಲ ಅವನನ್ನೇ ನೋಡಿದರು. ಓದಿದವನ ಗರ್ವವೋ, ಪುಸ್ತಕದ ಭಯವೋ, ಸುಂಕಣ್ಣ ಹೇಳಿದ, "ಇಲ್ರಿ ಗೌಡ್ರ. ಅದು ಕೂಲಿ ಸುದ್ದಿ ಅಲ್ಲ. ಪರಲೋಕದ ಸುದ್ದಿ."

ಗೌಡರು ಮೀಸೆಯಲ್ಲೇ ನಕ್ಕು ಹೋದರು. ಹೆಂಗಸರು ಹಳೆಯ ಕೂಲಿಗೇ ಕೆಸರಿಗಿಳಿದರು. ನೂರಾರು ವರ್ಷ ಈ ಜನಕ್ಕೆ ಅಕ್ಷರ ಕೊಡದೆ ಇಟ್ಟ ಊರು, ಅಕ್ಷರ ಕಲಿತ ಮೊದಲನೆಯವನ ಬಾಯಿಂದಲೇ ತನಗೆ ಬೇಕಾದ್ದನ್ನು ಓದಿಸಿಕೊಂಡಿತ್ತು.

ಅಂದು ಸಂಜೆ ಊರಮ್ಮ ಅವನ ಮುಂದೆ ಅನ್ನ ಇಟ್ಟು ಕೇಳಿದ್ದು ಒಂದೇ: "ಪರಲೋಕದಾಗ ನಾಟಿ ಹಚ್ತಾರೇನು ಮಾವ?"

ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಓದಿಸುವುದನ್ನೂ ಬಿಡಲಿಲ್ಲ. ಅವಳ ಕೊನೆಯ ಶುಭಶುಕ್ರವಾರ, ಆರಾಧನೆ ಮುಗಿಸಿ ಸಿರುಗುಪ್ಪದಿಂದ ಕಾಲುವೆಯ ದಂಡೆ ಹಿಡಿದು ಇಬ್ಬರೂ ಬರುವಾಗ ಜಗಳವೇ ಆಗಿತ್ತು.

"ಯೇಸುಸ್ವಾಮಿನ್ನ ಸಮಾಧಿಗೆ ಹೊತ್ತೋರು ಯಾರು?"

"ಯೋಸೇಫ. ಅರಿಮಥಾಯದಾಂವ. ಅವನ ಜೊತಿ ನಿಕೊದೇಮ."

"ಅವ್ರು ಕೂಲಿ ಮಂದಿಯೇನು?"

"ಅಲ್ಲ. ದೊಡ್ಡ ಮನುಷ್ಯಾರು."

ಊರಮ್ಮ ದಂಡೆಯ ಮೇಲೆ ನಿಂತೇ ಬಿಟ್ಟಳು. ಸೆರಗಿನಿಂದ ಬೆವರು ಒರೆಸಿಕೊಂಡಳು. "ದೊಡ್ಡ ಮನುಷ್ಯಾರು ಹೊತ್ರು! ಒಂದು ಚೀಲ ನೆಲ್ಲು ಎತ್ತಾಕ ನಮ್ ಗೌಡ ಬಗ್ಗಿದ್ದು ನೋಡೀಯೇನು? ಆವತ್ತು ಅಲ್ಲಿ ಮತ್ಯಾರಿದ್ರು?"

"ಹೆಂಗಸ್ರಿದ್ರು. ಹಿಂದ ಹೋಗಿ ಸಮಾಧಿ ನೋಡಿದ್ರು ಅಂತ ಐತಿ."

"ಹಿಂದ ಹೋಗಿ ನೋಡಿದ್ರು ಅಂತ ಬರ್ದೋರು ಗಂಡಸ್ರು. ನಾಟಿ ಹಚ್ಚೋರು ನಾವು, ಗೌಡ ಬೆಳೆದ ಅಂತಾರಲ್ಲ ಊರಾಗ, ಹಂಗ ಇದು. ಅವ್ರೇ ಹೊತ್ತಾರ ಮಾವ. ನನ್ ಹೆಗಲಿಗೆ ಗೊತ್ತೈತಿ."

"ನೀ ಏನಾರ ಅನ್ನು. ಇಲ್ಲದ್ದು ಇಲ್ಲ."

"ನೀ ಸಾಯೋ ತನಕ ಇಲ್ಲ ಅನ್ನು," ಎಂದು ಅವಳು ಮುಂದೆ ನಡೆದಳು. ಸ್ವಲ್ಪ ದೂರ ಹೋಗಿ, ಇವನು ಬರುತ್ತಿದ್ದಾನೋ ಇಲ್ಲವೋ ಎಂದು ತಿರುಗಿ ನೋಡಿದಳು.

*

"ಹೇಳು ಸುಂಕಣ್ಣ," ದೇವದಾನಪ್ಪ ಅವಸರಪಡಿಸಿದ. "ಬಿಸಿಲು ಏರಾಕತ್ತೈತಿ. ಐತೋ ಇಲ್ಲೋ?"

ಸುಂಕಣ್ಣ ಎದ್ದ. ಕನ್ನಡಕ ಹಾಕಿಕೊಂಡು ಪುಟ ತೆಗೆದ.

"ಓದ್ತೀನಿ. ಕೇಳ್ರಿ."

ಚರ್ಚಿನಲ್ಲಿ ಓದುವ ಅದೇ ಎಳೆದ ದನಿಯಲ್ಲಿ, ಪುಸ್ತಕದ ಕನ್ನಡದಲ್ಲಿ ಅವನು ಶುರುಮಾಡಿದ. ಸಂಜೆಯಾದದ್ದು, ಯೋಸೇಫನು ಅಧಿಪತಿಯ ಹತ್ತಿರ ಹೋಗಿ ದೇಹವನ್ನು ಬೇಡಿದ್ದು, ಅದನ್ನು ಇಳಿಸಿ ನಾರುಬಟ್ಟೆಯಲ್ಲಿ ಸುತ್ತಿದ್ದು. ಅಯ್ಯನವರು ತಮ್ಮ ಬೈಬಲನ್ನು ತೆರೆದು ಸಾಲಿನ ಕೆಳಗೆ ಬೆರಳಾಡಿಸುತ್ತ ಜೊತೆಗೆ ಹೋಗುತ್ತಿದ್ದರು.

ಬಟ್ಟೆ ಸುತ್ತಿದಲ್ಲಿಗೆ ಬಂದಾಗ ಸುಂಕಣ್ಣ ಉಸಿರು ತಗೊಂಡ. ದನಿ ಏರಲಿಲ್ಲ, ಇಳಿಯಲಿಲ್ಲ.

"ಆದರೆ ಯೋಸೇಫನು ಭಾರ ಹೊತ್ತು ಅಭ್ಯಾಸವಿಲ್ಲದವನಾಗಿದ್ದನು. ಆದಕಾರಣ ಗಲಿಲಾಯದಿಂದ ಬಂದಿದ್ದ ಹೆಂಗಸರು ಮುಂದೆ ಬಂದು, ಆತನ ದೇಹವನ್ನು ತಮ್ಮ ಹೆಗಲ ಮೇಲೆ ಹೊತ್ತುಕೊಂಡು ಸಮಾಧಿಗೆ ಹೋದರು."

ಅಯ್ಯನವರ ಬೆರಳು ನಿಂತಿತು. ಒಂದು ಸಾಲು ಮೇಲೆ ಹೋಯಿತು, ಎರಡು ಸಾಲು ಕೆಳಗೆ ಬಂತು. ಅವರು ಮೆಲ್ಲಗೆ ತಲೆ ಎತ್ತಿದರು. ಸುಂಕಣ್ಣ ಪುಟದಿಂದ ಕಣ್ಣು ಕೀಳಲಿಲ್ಲ. ಹಾಳೆಯ ಮೇಲೆ ಹನಿ ಬೀಳುತ್ತಿತ್ತು, ಅವನು ಒರೆಸಲಿಲ್ಲ.

"ಅಯ್ಯನೋರ," ದೇವದಾನಪ್ಪ ಹತ್ತಿರ ಸರಿದ, "ಹಂಗ ಐತೇನ್ರಿ?"

ಅಯ್ಯನವರು ತಮ್ಮ ಬೈಬಲನ್ನು ಮುಚ್ಚಿದರು. "ಓದಿದ್ರಲ್ಲ ಹಿರೇರ. ಕೇಳ್ಲಿಲ್ಲೇನು? ಆಮೆನ್."

"ಇಷ್ಟು ವರ್ಷ ಕೇಳೀನಿ, ಈ ಮಾತು ನೆನಪೇ ಇಲ್ಲಲ್ಲ..."

"ನಿದ್ದಿ ಹೊಡದಿರ್ತೀರಿ," ಎಂದಳು ಹೊನ್ನೂರಮ್ಮ. ಯಾರೋ ಕಿಸಕ್ಕೆಂದರು. ಅಳುತ್ತಿದ್ದವರೂ ಸೆರಗಿನೊಳಗೆ ನಕ್ಕರು. ಆದರೆ ಹೊನ್ನೂರಮ್ಮ ನಗಲಿಲ್ಲ. ಸುಂಕಣ್ಣನ ಹತ್ತಿರ ಬಂದು, "ಯಣ್ಣ, ಬಾ," ಎಂದಷ್ಟೇ ಹೇಳಿದಳು.

ಹೆಂಗಸರು ಬಗ್ಗಿದರು. "ತಡೀರಿ, ನಂದೂ ಹೆಗಲೈತಿ," ಎಂದು ಸಾವಂತ್ರಮ್ಮ ಓಡಿಬಂದಳು. ಅವಳ ತೋಳಲ್ಲಿ ಹಸುಗೂಸು. ಅತ್ತಿತ್ತ ನೋಡಿ, ಹತ್ತಿರ ನಿಂತಿದ್ದ ದೇವದಾನಪ್ಪನ ಕೈಗೆ ಅದನ್ನು ಇಟ್ಟೇಬಿಟ್ಟಳು. "ಹಿಡೀರಿ ಹಿರೇರ. ತಲಿ ಕೆಳಗ ಕೈ ಕೊಡ್ರಿ, ಕುತ್ತಿಗಿ ಇನ್ನಾ ನಿಂತಿಲ್ಲ."

ಪೆಟ್ಟಿಗೆ ಒಂದೇ ಏಟಿಗೆ ಮೇಲೆದ್ದಿತು. ರಸ್ತೆ ಬಿಟ್ಟು ಅವರು ಗದ್ದೆಯ ಬದುವಿಗೆ ಇಳಿದರು. ತುಂಬಿದ ನೀರಿನ ನಡುವಿನ ಆ ಸಣ್ಣ ಹಾದಿಯಲ್ಲಿ ತಲೆಯ ಮೇಲೆ ಸಸಿ ಹೊತ್ತು ನಡೆದ ಕಾಲುಗಳು ಅವು, ಎಲ್ಲಿಯೂ ತಡವರಿಸಲಿಲ್ಲ. ಗಂಡಸರು ಒಬ್ಬರ ಹಿಂದೆ ಒಬ್ಬರಾಗಿ, ಜಾರುತ್ತ, ಅವರನ್ನು ಹಿಂಬಾಲಿಸಿದರು.

ಸುಂಕಣ್ಣ ಎಲ್ಲರ ಕೊನೆಗಿದ್ದ. ಇವತ್ತು ಸಂಜೆ ಪುಸ್ತಕ ಬಿಚ್ಚಿದರೆ, ಆಮ್ಯಾಗ ಏನಾಯ್ತು ಎಂದು ಕೇಳುವವರು ಯಾರು? ಅವನ ಮುಂದೆಯೇ ದೇವದಾನಪ್ಪ ಹೋಗುತ್ತಿದ್ದ, ಒಂದು ಅಂಗೈಯಲ್ಲಿ ಕೂಸಿನ ತಲೆ, ಇನ್ನೊಂದರಲ್ಲಿ ಅದರ ಮೈ. ಅವನ ಇಸ್ತ್ರಿ ಮಾಡಿದ ಬಿಳಿ ಪಂಚೆಯ ಅಂಚು ಕೆಸರಿನಲ್ಲಿ ಎಳೆದುಕೊಂಡು ಬರುತ್ತಿತ್ತು. ಎತ್ತಿ ಹಿಡಿಯಲು ಅವನಿಗೆ ಕೈ ಇರಲಿಲ್ಲ.