ನಿನ್ನಿ ನೀರು

ನನ್ನ ಬಾಯಿ ಸುಮ್ಮಿರೂದಿಲ್ಲ ಅಂತ ಓಣಿಗೆಲ್ಲಾ ಗೊತ್ತು. ಆದ್ರೂ ನನ್ನ ತಮ್ಮ ಅಮೋಘಸಿದ್ದಗ ಹೇಳೂದಂದ್ರ ಕ್ವಾಣನ ಮುಂದ ಕಿನ್ನರಿ ಬಾರಿಸಿದಂಗ.

ಅವನ ಹೆಂಡತಿ ಸುವರ್ಣಾ ಶ್ರಾವಣದಾಗ ತೀರಿಕೊಂಡಳು. ಎರಡೂ ಕಿಡ್ನಿ ಹೋಗಿದ್ವು. ಹಿಂದಕ್ಕ ಅಕಿ ಮಟಕಿ ಹೊಲದ ಬೇಲ್ಯಾಗಿಂದ ಒಂದು ಗಡ್ಡಿ ಕಿತ್ತು ತಂದು, ಆಳಂದದ ನಮ್ಮ ಅಂಗಳದಾಗ ಎಣ್ಣಿ ಡಬ್ಬ್ಯಾಗ ನೆಟ್ಟಿದ್ದಳು. ಬೆಂಕಿ ಉರಿದಂಗ ಕೆಂಪು ಹಳದಿ ಹೂ ಬಿಡೋ ಬಳ್ಳಿ. ಅಕಿನ್ನ ಮಣ್ಣಿಗೆ ಒಯ್ದ ದಿನಾನೂ ತುಂಬಿ ಅರಳಿತ್ತು, ದರಿದ್ರದ್ದು.

ದೀಪಾವಳಿ ಮುಗಿದು ಥಂಡಿ ಬೀಳೂದಕ್ಕ ಬಳ್ಳಿ ಒಣಗಿತು. ಅಮೋಘಸಿದ್ದ ಡಬ್ಬಿ ಮುಂದ ಕುಂತ. "ಅಕ್ಕಾ, ಇದೂ ಹೋಯ್ತು."

"ಹೋಗಿಲ್ಲೋ ಹುಚ್ಚಾ, ಮಲಗೇದ. ಸುವರ್ಣಾ ಮಾಡ್ತಿದ್ದದ್ದು ನೋಡಿಲ್ಲೇನು? ಡಬ್ಬಿ ಮನಿಯೊಳಗ ಇಟ್ಟು, ಬ್ಯಾಸಗಿ ಮುಗಿದು ಮಿರಗದ ಮಳಿ ಬೀಳೂ ತನಕ ಹನಿ ನೀರು ತೋರಸ್ತಿದ್ದಿಲ್ಲ. ನೀರು ಹಾಕಿದ್ರ ಗಡ್ಡಿ ಕೊಳೀತದ."

ನಾನೇ ಎತ್ತಿ ಒಳಗ ಮಂಚದ ಬುಡಕ ಇಟ್ಟೆ.

ಆವತ್ತಿಂದ ಅಂವ ಮಿರಗದ ದಾರೀನೇ ಕಾಯಾಕತ್ತ. ಎಳ್ಳಮಾಸಿಗೆ ಹೊಲಕ್ಕ ಬಾ ಅಂದ್ರ ಬರಲಿಲ್ಲ. ಕಡಬು ಕಟಗೊಂಡು ಬಂದ್ರ ಮುಟ್ಟಲಿಲ್ಲ. "ಅದು ಚಿಗೀಲಿ ಅಕ್ಕಾ, ಆಮ್ಯಾಲ ಉಣ್ತೇನಿ, ಎಲ್ಲಾ ಮಾಡ್ತೇನಿ" ಅಂತಿದ್ದ. ನನಗ ಸಿಟ್ಟೂ ಬರ್ತಿತ್ತು, ಕರಳೂ ಚುರ್ ಅಂತಿತ್ತು.

ನಮ್ಮ ಓಣ್ಯಾಗ ನಳ ಬಂದ ದಿನ ಕೊಡದಾಗಿನ ನಿನ್ನಿ ನೀರು ಯಾರೂ ಇಟಗೊಳ್ಳೂದಿಲ್ಲ. ಗಿಡಕ್ಕ ಸುರುವಿ ಹೊಸಾ ನೀರು ತುಂಬತೀವಿ. ನಮ್ಮನ್ಯಾಗ ಆ ಕೆಲಸ ತಮ್ಮಂದು. ಕೊಡ ಖಾಲಿ ಆಗ್ತಿತ್ತು, ತುಳಸಿ ಬುಡ ಮಾತ್ರ ಒಣಾ ಇರ್ತಿತ್ತು. ನನಗೇನು ಕನಸು ಬಿದ್ದಿತ್ತೇನು?

ಮಿರಗ ಬಂತು, ಮಳಿ ಹೊಡೀತು. ಸುವರ್ಣಾ ಮಗ್ಗಲ ಮನಿ ಮದೀನಾಬಿಗೆ ಕೊಟ್ಟಿದ್ದ ಗಡ್ಡಿ ಚಿಗತು ಬೇಲಿ ಏರಿತು. ಹೊರಗ ತಂದಿಟ್ಟ ನಮ್ಮ ಡಬ್ಬ್ಯಾಗ ಏನೂ ಇಲ್ಲ. ಕಡೀಕೆ ನಾನೇ ಖುರ್ಪಿ ತಗೊಂಡು ಕೆದರಿದೆ. ಗಡ್ಡಿ ಗಂಜಿ ಆಗಿ ಕೈಗೆ ಬಂತು, ಗಬ್ಬು ನಾತ.

"ಇಲಿ ತಿಂದಾವ ತಗೋ" ಅಂದೆ. ಜಲ್ಮದಾಗ ಮೊದಲನೇ ಸಲ ಸಣ್ಣ ದನಿ ಮಾಡಿದೆ. "ಮದೀನಾಬಿ ಕಡಿಂದ ಒಂದು ಇಸಗೊಂಡು ಬರ್ತೇನಿ."

"ಇಲಿ ಅಲ್ಲಕ್ಕಾ. ನಾನೇ ನೀರು ಹಾಕೇನಿ, ನಳ ಬಂದಾಗೊಮ್ಮೆ."

ಬೈಯಾಕ ಬಾಯಿ ತಗದೆ. ಅಂವ ಆ ಕೊಳತದ್ದು ಕೈಯಾಗ ಹಿಡ್ಕೊಂಡಿದ್ದ.

"ಡಾಕ್ಟರ್ ಅಕಿಗೆ ನೀರು ಅಳದು ಕೊಡ್ರಿ ಅಂದಿದ್ರು. ನಾಲಿಗಿ ಒಣಗೇದ, ಒಂದೇ ಗುಟುಕು ಅಂತ ಬೇಡತಿದ್ದಳು. ನೀ ಹೊರಗ ಹೋದಾಗ ತಂಬಗಿ ತುಂಬಿ ಕೊಡ್ತಿದ್ದೆ. ಈ ಗಡ್ಡಿ ಚಿಗತಿದ್ರ, ನನ್ನ ನೀರಿಗೆ ಅಕಿ ಸತ್ತಿಲ್ಲ ಅಂತ ತಿಳ್ಕೋತಿದ್ದೆ."

ಹೊರಗ ಯಾರೋ "ನಳ ಬಂತು" ಅಂತ ಒದರಿದ್ರು. ಅಂವ ಏಳಲಿಲ್ಲ. ನಾನೇ ಹೋಗಿ ನಿನ್ನಿ ನೀರು ಗಟಾರಕ್ಕ ಸುರುವಿದೆ.