ಕಡ್ಡಿ ನೆಟ್ಟ ಬಟ್ಟಲು

ಇಸೊಗಾಯಿ ಹನ್ನೊಜೊ ನೌಕಾಪಡೆ ಸೇರಿದ್ದು ದೇಶಭಕ್ತಿ ಉಕ್ಕಿ ಅಲ್ಲ. ಅವನ ಊರು ಹಿರಾಡೊದಲ್ಲಿ ದೊರೆಗಳ ಕಾಲ ಮುಗಿದ ಮೇಲೆ ಅವನ ಮನೆಯಲ್ಲಿ ಉಳಿದದ್ದು ಎರಡು ಕತ್ತಿ, ಒಂದು ಜುಟ್ಟು. ಕತ್ತಿ ಮಾರಿದ, ಜುಟ್ಟು ಕತ್ತರಿಸಿದ, ಹಡಗು ಹತ್ತಿದ. ಮೊದಲ ವರ್ಷವಿಡೀ ಹಡಗಿನಂಚಿನ ಕಟಾಂಜನಕ್ಕೆ ಜೋತುಬಿದ್ದು ಕರುಳು ಕಿತ್ತು ಬರುವಂತೆ ವಾಂತಿ ಮಾಡಿದ. ಮಿಕ್ಕವರು ಇನ್ನೂ ಹೆಚ್ಚು ಮಾಡಿದ್ದರಿಂದ ಮುಂದೆ ಇವನೇ ಕಪ್ತಾನನಾದ.

ಅವನ ಹಡಗಿನ ಹಿರಿಯ ನಾವಿಕ ಕುಮಗೊರೊ, ಹಿಂದೆ ಅವರ ಮನೆಯ ಆಳು. ಹನ್ನೊಜೊಗೆ ಈಜು ಕಲಿಸಿದವನೂ ಅವನೇ. ಕಲಿಸಿದ್ದು ಅಂದರೆ ದೋಣಿಯಿಂದ ನೂಕಿದ್ದು.

ಆಗ ಬಡವರ ಮಕ್ಕಳು ನೌಕಾಪಡೆ ಸೇರುತ್ತಿದ್ದದ್ದೇ ಮೂರು ಹೊತ್ತು ಬಿಳಿ ಅನ್ನ ಸಿಗುತ್ತದೆಂದು. ಸಿಗುತ್ತಿತ್ತು. ಜೊತೆಗೆ ಕಾಲು ಊದುವ ಬೇನೆಯೂ ಬರುತ್ತಿತ್ತು, ಎದೆಗೇರಿದರೆ ಮುಗಿಯಿತು. ಆ ಬೇಸಗೆ ಬಾಯ್ಲರಿನ ಆಳೊಬ್ಬ ಹಾಗೇ ಹೋದ. ಪದ್ಧತಿಯಂತೆ ಅವನ ತಲೆದೆಸೆಯಲ್ಲಿ ಬಟ್ಟಲಿಗೆ ಬಿಳಿ ಅನ್ನ ಒಟ್ಟಿ, ಊಟದ ಕಡ್ಡಿಗಳನ್ನು ಅದರಲ್ಲಿ ನೆಟ್ಟಗೆ ನೆಟ್ಟರು. ಹಾಗೆ ಬಡಿಸುವುದು ಸತ್ತವರಿಗೆ ಮಾತ್ರ.

ಅನ್ನಕ್ಕೆ ಜವೆಗೋಧಿ ಬೆರೆಸಿದರೆ ಬೇನೆ ಇಳಿಯುತ್ತದೆ ಅಂದ ಹಡಗಿನ ವೈದ್ಯ. ಬೆರೆಸಿದರು. ನಾವಿಕರು ಅದನ್ನು ಸಮುದ್ರಕ್ಕೆ ಸುರಿದರು. ಮುಂದಾಳು ಕುಮಗೊರೊ. ಅವನ ಕಾಲು ಆಗಲೇ ಕುಂಬಳಕಾಯಿ ಆಗಿತ್ತು, ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಹನ್ನೊಜೊಗೆ ಹೆತ್ತಪ್ಪ ಸಾಯಲು ಮಲಗಿದಾಗಲೂ ಅಷ್ಟು ದಿಗಿಲಾಗಿರಲಿಲ್ಲ.

"ತಿನ್ನೋ ಮಾರಾಯ. ನಾನೂ ಅದನ್ನೇ ತಿಂತಿದೀನಲ್ಲ."

"ನಿಮಗದು ಶೋಕಿ, ಚಿಕ್ಕ ಧಣಿ. ನಾನು ಹುಟ್ಟಿದಾಗಿಂದ ಆ ಕುದುರೆ ಮೇವನ್ನೇ ತಿಂದೋನು, ಬಿಳಿ ಅನ್ನ ಕಂಡಿದ್ದು ಹೊಸ ವರ್ಷಕ್ಕೊಂದ್ಸಲ. ಸತ್ರೆ ಅನ್ನ ತಿಂದೇ ಸಾಯ್ತೀನಿ ಬಿಡಿ."

"ಇದು ಕಪ್ತಾನನ ಅಪ್ಪಣೆ."

"ಅಪ್ಪಣೆ ಕೊಡೋ ಬಾಯಿಗೆ ಉಪ್ಪುನೀರು ಕುಡಿಸಿದೋನು ನಾನು."

ಮರುದಿನ ಮಧ್ಯಾಹ್ನ ಕಪ್ತಾನ ತಾನೇ ಒಂದು ಬಟ್ಟಲು ಹಿಡಿದು ನಾವಿಕರ ಊಟದ ಜಾಗಕ್ಕೆ ಬಂದ. ಅದರ ತುಂಬ ಬಿಳಿ ಅನ್ನ. ಕುಮಗೊರೊನ ಮುಂದಿಟ್ಟು, ಕಡ್ಡಿಗಳನ್ನು ನೆಟ್ಟ. ಮಂಡಿಯೂರಿ ಕೈ ಮುಗಿದ. ಉಸಿರಾಡುತ್ತ ಕೂತವನಿಗೆ ಹಾಗೆ ಮಾಡುವುದಕ್ಕಿಂತ ದೊಡ್ಡ ಬೈಗುಳ ನಮ್ಮ ಕಡೆ ಇಲ್ಲ. ಸುತ್ತ ಕೂತವರು ಅಗಿಯುವುದನ್ನು ನಿಲ್ಲಿಸಿದರು.

"ಊಟ ಮಾಡು," ಅಂದ ಹನ್ನೊಜೊ. "ನಾಳೆ ನಾಡಿದ್ದರಲ್ಲಿ ಹೇಗೂ ಇಡಬೇಕು. ಬಿಸಿ ಇದ್ದಾಗಲೇ ಇಟ್ಟಿದೀನಿ."

ಮಾತು ಗಟ್ಟಿಯಾಗಿತ್ತು, ಕಣ್ಣು ಮಾತ್ರ ತುಂಬಿತ್ತು. ಕುಮಗೊರೊ ಬಟ್ಟಲು ನೋಡಿದ, ಕಣ್ಣು ನೋಡಿದ.

"ಇಂಥ ಅಪಶಕುನ ನಾನಂತೂ ಕಲಿಸಿಲ್ಲ," ಅಂದ. ಬಟ್ಟಲನ್ನು ಪಕ್ಕಕ್ಕೆ ಸರಿಸಿ ಅಡುಗೆಯವನತ್ತ ತಿರುಗಿ, "ತಾರಯ್ಯ ಆ ಕುದುರೆ ಮೇವು," ಅಂದ.

ಅವನು ತಿಂದ ಮೇಲೆ ಎಲ್ಲರೂ ತಿಂದರು. ದಿನಾ ಬೈಯುತ್ತಲೇ ತಿಂದರು, ಬದುಕಿದರು.

ಹನ್ನೊಜೊ ಅಡ್ಮಿರಲ್ ಆದ, ಎದೆ ತುಂಬ ಪದಕ ಬಂತು, ವಾಂತಿ ಮಾತ್ರ ಕೊನೆವರೆಗೂ ನಿಲ್ಲಲಿಲ್ಲ. ಕುಮಗೊರೊ ಎಂಬತ್ತು ದಾಟಿ ಊರಲ್ಲೇ ತೀರಿಕೊಂಡ. ಸುದ್ದಿ ತಿಳಿದು ಮುದಿ ಅಡ್ಮಿರಲ್ ಹಿರಾಡೊಗೆ ಬಂದ. ಹೆಂಗಸರನ್ನು ಒಲೆಯ ಹತ್ತಿರ ಬಿಡದೆ ತಾನೇ ಅನ್ನ ಮಾಡಿದ, ತಳ ಸೀದುಹೋಯಿತು. ಮೇಲಿನದನ್ನು ಬಟ್ಟಲಿಗೆ ಒಟ್ಟಿ ತಲೆದೆಸೆಯಲ್ಲಿಟ್ಟು, ಕಡ್ಡಿ ನೆಟ್ಟ.

"ಈಗ ತಿನ್ನೋ," ಅಂದ. "ಜವೆಗೋಧಿ ಒಂದು ಕಾಳೂ ಹಾಕಿಲ್ಲ."