ಬೆಳ್ಳಗೆ ಮಾಡದ ಡಬ್ಬಿ ನಾನು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಜಗಳ ಬೇಡ: ನಾನು ಯಾರನ್ನೂ ಬೆಳ್ಳಗೆ ಮಾಡುವುದಿಲ್ಲ. ದಿನಾ ಮುಖಕ್ಕೆ ಹಚ್ಚಿಕೊಳ್ಳುವ ಒಂದು ಹಗುರ ಕ್ರೀಮಿನ ಡಬ್ಬಿ ನಾನು. ಮೈ ಗಾಜಿನದು, ಮುಚ್ಚಳ ಹಸಿರು, ಎತ್ತರ ಎರಡು ಬೆರಳು. ಇಷ್ಟೇ ನನ್ನ ಆಸ್ತಿ. ಆದರೂ ನನ್ನ ಬದುಕು ಎಷ್ಟು ಮಜವಾಗಿ ಸಾಗಿತೆಂದರೆ, ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಉಬ್ಬಿ ಮುಚ್ಚಳ ಹಾರಿಹೋದೀತು.

ನಾನು ಹುಟ್ಟಿದ್ದು ಊರಾಚೆಯ ಒಂದು ಸಣ್ಣ ಕಾರ್ಖಾನೆಯಲ್ಲಿ. ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ನೀರು, ಎಣ್ಣೆ, ಮತ್ತೇನೇನೋ ಸೇರಿ ಗಿರಗಿರ ತಿರುಗಿ ಮೆತ್ತಗಾದವು. ತಲೆಗೆ ಟೋಪಿ ಹಾಕಿಕೊಂಡ ಒಬ್ಬ ಹೆಂಗಸು ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ಮುಂಗೈಗೆ ಸವರಿ ನೋಡಿದಳು. "ಹಚ್ಚಿದ್ದೇ ಗೊತ್ತಾಗಲ್ಲ," ಎಂದಳು. ಅದನ್ನು ಬೈಗುಳ ಎಂದುಕೊಂಡು ನನಗೆ ಅಳುವೇ ಬಂದಿತ್ತು. ಹೊಗಳಿಕೆ ಎಂದು ತಿಳಿಯಲು ಅರ್ಧ ವರ್ಷ ಹಿಡಿಯಿತು.

ಆ ಅರ್ಧ ವರ್ಷ ನಾನು ಗದಗಿನ ಒಂದು ಮೆಡಿಕಲ್ ಶಾಪಿನ ಕಪಾಟಿನಲ್ಲಿ ಕುಳಿತಿದ್ದೆ. ಅಂಗಡಿ ನಡೆಸುತ್ತಿದ್ದವರು ಶಮೀಮ್ ಎಂಬ ನೆಟ್ಟಗೆ ಮಾತಾಡುವ ಹೆಂಗಸು. ಬಂದವರೆಲ್ಲ "ಬೆಳ್ಳಗಾಗೂದು ಕೊಡ್ರಿ" ಎನ್ನುತ್ತಿದ್ದರು. ನನ್ನ ಅಕ್ಕಪಕ್ಕದ ಚಿನ್ನದ ಬಣ್ಣದ ಡಬ್ಬಿಗಳು ಒಂದೊಂದಾಗಿ ಹೊರಟುಹೋದವು. ನನ್ನ ತಲೆಯ ಮೇಲೆ ಧೂಳು ಕೂತಿತು.

ಒಂದು ಮಧ್ಯಾಹ್ನ ಕಸ್ತೂರಿ ಓಡುತ್ತಾ ಬಂದಳು. ಪಕ್ಕದ ಬೀದಿಯ ಸೀರೆ ಅಂಗಡಿಯಲ್ಲಿ, ಮೇಲಿನ ಮಹಡಿಯ ಮದುವೆ ಸೀರೆಗಳ ವಿಭಾಗದಲ್ಲಿ ಅವಳ ಕೆಲಸ. ಮುಖಕ್ಕೆ ಗೋಡೆಗೆ ಬಳಿದಂತೆ ಫೌಂಡೇಶನ್ ಬಳಿದುಕೊಂಡಿದ್ದಳು. ಬೆವರು ಅದರೊಳಗೆ ದಾರಿ ಮಾಡಿಕೊಂಡು ಇಳಿಯುತ್ತಿತ್ತು.

"ಶಮೀಮಕ್ಕಾ, ಎಷ್ಟ್ ತಿಕ್ಕಿದ್ರೂ ಹೋಗದಂಥ ಫೌಂಡೇಶನ್ ಐತೇನ್ರೀ?"

"ಯಾಕವಾ, ಏನಾತು?"

ಆದದ್ದು ಇಷ್ಟು. ಸೀರೆ ತೋರಿಸುವವರು ಗಾದಿಯ ಮೇಲೆ ನಿಂತು ಸೀರೆಯನ್ನು ತಮ್ಮ ಮೈಮೇಲೇ ಹಾಕಿ ತೋರಿಸುತ್ತಾರೆ. ನೆರಿಗೆ ಹಿಡಿಯಲು ಎರಡೂ ಕೈ ಬೇಕು. ಹಾಗಾಗಿ ಅಂಚನ್ನು ಗದ್ದದ ಕೆಳಗೆ ಒತ್ತಿ ಹಿಡಿದುಕೊಳ್ಳುತ್ತಾರೆ. ಕಸ್ತೂರಿ ಹಾಗೆ ಹಿಡಿದು ಕಣ್ಣು ಮಿಟುಕಿಸುವಷ್ಟರಲ್ಲಿ ಎಂಟು ನೆರಿಗೆ ಹಾಕುತ್ತಿದ್ದಳಂತೆ. ಆ ದಿನ ಅವಳ ಗದ್ದದ ಫೌಂಡೇಶನ್ ಕೆನೆ ಬಣ್ಣದ ಮದುವೆ ಸೀರೆಯ ಅಂಚಿಗೆ ಮೆತ್ತಿಕೊಂಡಿತ್ತು. ಬೀಗರ ಕಡೆಯವರು ಮೂಗು ಮುರಿದು ಎದ್ದುಹೋಗಿದ್ದರು.

"ಇನ್ನೊಮ್ಮೆ ಕಲೆ ಬಿತ್ತಂದ್ರ ಕೆಳಗ ಹೋಗಿ ಪೆಟಗಿ ಕಟ್ಟು ಅಂದಾರ ಸಾವ್ಕಾರ್ರು," ಎಂದಳು ಕಸ್ತೂರಿ. "ಒಂಬತ್ತ್ ವರ್ಷ ಪೆಟಗಿ ಕಟ್ಟಿ, ಸೀರಿ ಮಡಚಿ ಮ್ಯಾಲ ಬಂದೀನ್ರೀ ಅಕ್ಕಾ. ಮದುವಿ ಹುಡುಗ್ಯಾರಿಗೆ ಸೀರಿ ತೋರಸೂದು ಬಿಟ್ರ ನಂಗ ಏನ್ ಐತಿ?"

"ಹಂಗಾರ ಫೌಂಡೇಶನ್ ಬಿಡು."

"ಬಿಟ್ರ ಬಂಗು ಕಾಣ್ತೈತಲ್ರೀ!"

ಮಗಳು ಹೊಟ್ಟೆಯಲ್ಲಿದ್ದಾಗ ಅವಳ ಎರಡೂ ಕೆನ್ನೆಗೆ ಬಂಗು ಬಂದಿತ್ತು, ಕಂದು ಬಣ್ಣದ ಎರಡು ಮಚ್ಚೆ. ಮಗಳು ಶಾಲೆಗೆ ಹೋಗತೊಡಗಿದರೂ ಬಂಗು ಹೋಗಿರಲಿಲ್ಲ.

ಶಮೀಮ್ ಕಪಾಟಿಗೆ ಕೈ ಹಾಕಿ ನನ್ನನ್ನು ತೆಗೆದು, ಧೂಳು ಒರೆಸಿ ಮೇಜಿನ ಮೇಲಿಟ್ಟರು. ಕಸ್ತೂರಿ ನನ್ನನ್ನು ತಿರುಗಿಸಿ ನೋಡಿದಳು.

"ಇದು ಬಂಗು ತೆಗಿತೈತೇನ್ರೀ?"

"ಇಲ್ಲ."

"ಮುಚ್ಚತೈತೇನು?"

"ಇಲ್ಲ."

"ಮತ್ತ ಏನ್ ಮಾಡತೈತಿ?"

"ಮುಖಾ ಮೆತ್ತಗ ಇಡತೈತಿ. ಕಡ್ಲಿಕಾಳಿನಷ್ಟು ಹಚ್ಚು, ಹತ್ತ್ ನಿಮಿಷ ಬಿಡು. ಆಮ್ಯಾಲ ಆರಾಮ ನಿನ್ನ ಕೆಲಸಾ ಮಾಡು."

ನನ್ನ ಪರವಾಗಿ ಯಾರಾದರೂ ವಾದ ಮಾಡಿದ್ದು ಅದೇ ಮೊದಲು. ನನಗಂತೂ ಕುಣಿಯುವಷ್ಟು ಖುಷಿಯಾಯಿತು.

ಖುಷಿ ಮರುದಿನ ಬೆಳಿಗ್ಗೆಯೇ ಇಳಿದುಹೋಯಿತು. ಕಸ್ತೂರಿಯ ಕೈಚೀಲದಲ್ಲಿ ಫೌಂಡೇಶನ್ ಬಾಟಲಿ ಮಹಾರಾಜನ ಗತ್ತಿನಲ್ಲಿ ಮಲಗಿತ್ತು. ಅವಳಿಗಿಂತ ಎರಡು ಪಟ್ಟು ಬೆಳ್ಳಗಿನ ಬಣ್ಣ ಅದರದು. "ಹೊಸಬನೇ, ಇವಳು ನನ್ನನ್ನು ಬಿಡುತ್ತಾಳೆ ಅಂದುಕೊಂಡಿದ್ದೀಯಾ?" ಎಂದು ನಕ್ಕಿತು. ಕಸ್ತೂರಿ ನಿಜಕ್ಕೂ ಬಿಡಲಿಲ್ಲ. ಮೊದಲು ನನ್ನನ್ನು ಹಚ್ಚಿ, ಒಂದು ಕ್ಷಣವೂ ಕಾಯದೆ ಮೇಲೆ ಅದನ್ನೂ ಬಳಿದಳು. ಅಯ್ಯೋ, ಆ ಪಾಡು ಯಾರಿಗೂ ಬೇಡ! ಏಪ್ರಿಲ್ ಬಿಸಿಲು. ಹನ್ನೊಂದರ ಹೊತ್ತಿಗೆ ನಾನು ಒಂದು ಕಡೆ ಜಾರಿದೆ, ಅದು ಇನ್ನೊಂದು ಕಡೆ ಜಾರಿತು. ಕಸ್ತೂರಿ ಹಿಂದಿನ ಕೋಣೆಗೆ ಓಡಿ ಕನ್ನಡಿ ನೋಡಿಕೊಂಡು ಬೆಚ್ಚಿಬಿದ್ದಳು. ಸೋಪು ಹಚ್ಚಿ ಮುಖವನ್ನು ಪೂರ್ತಿ ತೊಳೆದಳು. ಕೆನ್ನೆಯ ಬಂಗು ಬೆಳಕಿಗೆ ಬಂತು.

ಅಷ್ಟರಲ್ಲಿ ಮುರಿಗೆಪ್ಪ ಸಾವ್ಕಾರರ ಕೂಗು. "ಏ ಕಸ್ತೂರೀ, ಕನ್ಯಾ ಬಂದಾಳ! ಲಗೂನ ಬಾ!"

ಅವಳ ಕೈ ಬಾಟಲಿಯ ಕಡೆ ಹೋಯಿತು. ಬಳಿದುಕೊಂಡರೆ ಬಂಗು ಅಡಗುತ್ತದೆ, ಸೀರೆಗೆ ಕಲೆ ಬಿದ್ದರೆ ಕೆಲಸ ಕೆಳಗಿನ ಮಹಡಿಗೆ. ಕೈ ಅಲ್ಲೇ ನಿಂತಿತು. ಆಮೇಲೆ ನನ್ನ ಮುಚ್ಚಳ ತೆಗೆದಳು. ಕಡಲೆಕಾಳಿನಷ್ಟೇ. "ಬಂದೆ ಸಾವ್ಕಾರ್ರ, ಹತ್ತ್ ನಿಮಿಷ!" ಎಂದು ಕೂಗಿ ಫ್ಯಾನಿನ ಕೆಳಗೆ ಕಣ್ಣು ಮುಚ್ಚಿ ನಿಂತಳು. ಆ ಹತ್ತು ನಿಮಿಷ ನಾನು ಅವಳ ಚರ್ಮದೊಳಗೆ ಸುಮ್ಮನೆ ಇಳಿದೆ. ಬಿಳಿ ಕರವಸ್ತ್ರವನ್ನು ಗದ್ದಕ್ಕೆ ಒತ್ತಿ ತೆಗೆದಳು. ಒಂದು ಚುಕ್ಕೆಯೂ ಇರಲಿಲ್ಲ. ನನ್ನನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ಹೊರಬಂದು, ಗಾದಿಯ ಪಕ್ಕದ ಮೇಜಿನ ಮೇಲಿಟ್ಟಳು.

ಮುರಿಗೆಪ್ಪನವರು ಅವಳ ಮುಖ ನೋಡಿ ಹುಬ್ಬೇರಿಸಿದರು. ಆದರೂ ಗಾದಿಯ ಕಡೆ ಕೈ ತೋರಿಸಿದರು.

ಮದುಮಗಳ ಹೆಸರು ಮಹಾದೇವಿ, ಲಕ್ಷ್ಮೇಶ್ವರದವಳು. ಜೊತೆಗೆ ಬಂದಿದ್ದ ಸೋದರತ್ತೆ ಮಾತಿನಲ್ಲಿ ಯಾರಿಗೂ ಸಂದು ಕೊಡುವವಳಲ್ಲ. ಕಸ್ತೂರಿ ನಾಲ್ಕೈದು ಸೀರೆ ತೋರಿಸಿದರೂ ಮಹಾದೇವಿಯ ಕಣ್ಣು ಕುಂಕುಮದ ಅಂಚಿನ ಕೆನೆ ಬಣ್ಣದ ಸೀರೆಯ ಮೇಲೇ ಇತ್ತು.

"ಅದು ಬ್ಯಾಡ," ಎಂದಳು ಅತ್ತೆ. "ಈಕಿ ಕಪ್ಪದಾಳ, ಕೆನಿ ಬಣ್ಣ ಒಪ್ಪಂಗಿಲ್ಲ. ಬ್ಯಾರೆ ತೋರಸ್ರಿ."

ಹುಡುಗಿ ತಲೆ ತಗ್ಗಿಸಿದಳು. ಕಸ್ತೂರಿ ಅದೇ ಸೀರೆ ಬಿಚ್ಚಿದಳು. ಹೆಗಲಿಗೆ ಹಾಕಿ, ಅಂಚನ್ನು ಗದ್ದದ ಕೆಳಗೆ ಒತ್ತಿ ಹಿಡಿದು, ಸರಸರ ಎಂಟು ನೆರಿಗೆ ಹಾಕಿ ಟ್ಯೂಬ್‌ಲೈಟಿನ ಕೆಳಗೆ ತಿರುಗಿ ನಿಂತಳು. ಅವಳ ಕಂದು ಮುಖ, ಕಂದು ಕೈ, ನಡುವೆ ಕೆನೆ ಬಣ್ಣದ ರೇಷ್ಮೆ. ಎಂಥ ಚೆಂದ ಕಂಡಳು ಅಂತೀರಿ!

ಮಹಾದೇವಿ ಎದ್ದು ಬಂದು ತನ್ನ ಮುಂಗೈಯನ್ನು ಕಸ್ತೂರಿಯ ಕೈ ಪಕ್ಕದಲ್ಲಿಟ್ಟಳು. ಎರಡೂ ಒಂದೇ ಬಣ್ಣ.

"ಅತ್ತೀ, ಅಕ್ಕಾರೂ ನನ್ನಂಗ ಅದಾರ ನೋಡು. ಅವ್ರಿಗೆ ಒಪ್ಪತೈತಿ ಅಂದ್ರ ನಂಗೂ ಒಪ್ಪತೈತಿ."

ಅತ್ತೆ ಕಸ್ತೂರಿಯನ್ನು ಮೇಲಿಂದ ಕೆಳಗೆ ನೋಡಿದಳು, ಮಹಾದೇವಿಯನ್ನು ನೋಡಿದಳು, ಕೊನೆಗೆ "ಆತು ತಗೋ," ಎಂದಳು.

ಅವರು ಹೋದ ಮೇಲೆ ಮುರಿಗೆಪ್ಪನವರು ಕಸ್ತೂರಿ ಅವರಿಗೆ ತೋರಿಸಿದ್ದ ಉಳಿದ ಸೀರೆಗಳನ್ನು ಬಿಚ್ಚಿಸಿ, ಕನ್ನಡಕ ಏರಿಸಿ ಅಂಚುಗಳನ್ನು ಒಂದೊಂದೇ ಇಂಚು ಪರೀಕ್ಷಿಸಿದರು. ಕಸ್ತೂರಿ ಅವರು ನೋಡಿ ಮುಗಿಸಿದ ಸೀರೆಗಳನ್ನು ಮಡಚುತ್ತಾ ಹೋದಳು. ನಾನಂತೂ ಮುಚ್ಚಳ ಬಿಗಿ ಹಿಡಿದಿದ್ದೆ.

"ಕಲೆ ಇಲ್ಲ," ಎಂದರು. ಸ್ವಲ್ಪ ಯೋಚಿಸಿ ಮತ್ತೆ ಹೇಳಿದರು, "ಮಂದಿ ಸೀರಿ ತಿರುಗಿ ತಂದು, ನಿಮ್ಮ ಹುಡುಗಿ ಮ್ಯಾಲ ಒಂದ್ ಥರಾ ಕಾಣ್ತೈತಿ, ನಮ್ಮ ಮ್ಯಾಲ ಇನ್ನೊಂದ್ ಥರಾ ಕಾಣ್ತೈತಿ ಅಂತಿದ್ರು. ನಾನು ಟ್ಯೂಬ್‌ಲೈಟಿಗೆ ಬೈತಿದ್ದೆ. ತಪ್ಪು ಲೈಟಿಂದಲ್ಲಬೇ, ನೀ ಬಳಕೋತಿದ್ದ ಬಣ್ಣದ್ದು. ನಾಳಿಂದ ಹಿಂಗ ಬಾ. ಮ್ಯಾಲಿನ ಮಹಡಿ ನಿಂದ."

ಕಸ್ತೂರಿ ಹಿಂದಿನ ಕೋಣೆಗೆ ಹೋಗಿ ನನ್ನನ್ನು ಕೆನ್ನೆಗೆ ಒತ್ತಿಕೊಂಡು ನಕ್ಕಳು, ಅತ್ತಳು, ಮತ್ತೆ ನಕ್ಕಳು. ಸಂಜೆ ಮನೆಗೆ ಹೋದಾಗ ಮಗಳು ಓಡಿಬಂದು ಕೆನ್ನೆಗೆ ಮುದ್ದು ಕೊಟ್ಟಳು. "ಅವ್ವಾ, ಇವತ್ತ ಬಾಯಿ ಕಹಿ ಆಗಲಿಲ್ಲ!" ಎಂದಿತು ಆ ಕೂಸು. ಹಚ್ಚಿದ್ದೇ ಗೊತ್ತಾಗಲ್ಲ ಎಂಬ ಕಾರ್ಖಾನೆಯ ಹೆಂಗಸಿನ ಮಾತು ಆವತ್ತು ನನಗೆ ಅರ್ಥವಾಯಿತು.

ಇನ್ನು ಬಾಟಲಿಯ ಕಥೆ. ಅದನ್ನು ಎಸೆದರು ಅಂದುಕೊಂಡಿರಾ? ಇಲ್ಲ. ಅಂಗಡಿಯ ಮುಂದಿನ ಗಾಜಿನೊಳಗೆ ಸೀರೆ ಉಟ್ಟು ನಿಂತಿರುವ ಬೊಂಬೆಗೆ ಮೂಗಿನ ತುದಿಯಲ್ಲಿ ಬಣ್ಣ ಎದ್ದುಹೋಗಿತ್ತು. ಕಸ್ತೂರಿ ಅಲ್ಲಿಗೆ ಫೌಂಡೇಶನ್ ತೇಪೆ ಹಾಕಿದಳು. ಬೊಂಬೆ ಬೆವರುವುದಿಲ್ಲ, ನಗುವುದಿಲ್ಲ, ಯಾರಿಗೂ ಮುದ್ದು ಕೊಡುವುದಿಲ್ಲ. ಬಾಟಲಿಗೆ ತಕ್ಕ ಮುಖ ಸಿಕ್ಕಿತು. ಈಗ ನಾವಿಬ್ಬರೂ ಚೆನ್ನಾಗಿದ್ದೇವೆ, ಸುಳ್ಳೇಕೆ ಹೇಳಲಿ.

ಎರಡು ತಿಂಗಳಿಗೆ ನಾನು ಖಾಲಿಯಾದೆ. ನನ್ನ ತಮ್ಮ ತಂಗಿಯರು ಒಬ್ಬರ ಹಿಂದೊಬ್ಬರು ಶಮೀಮರ ಅಂಗಡಿಯಿಂದ ಬಂದರು. ನನ್ನನ್ನು ಕಸ್ತೂರಿ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಹೊಟ್ಟೆ ತುಂಬ ಪಿನ್ನು ತುಂಬಿ ಗಾದಿಯ ಪಕ್ಕದ ಮೇಜಿನ ಮೇಲೆ ಕೂರಿಸಿದಳು. ಚುಚ್ಚುತ್ತವೆ ನಿಜ, ಆದರೆ ನನಗೆ ಇಲ್ಲಿಂದ ಎಲ್ಲ ಕಾಣುತ್ತದೆ.

ಮೊನ್ನೆ ಮಹಾದೇವಿ ಮತ್ತೆ ಬಂದಿದ್ದಳು. ಏಳು ತಿಂಗಳ ಬಸುರಿ. ಸೀಮಂತದ ಕುಬಸಕ್ಕೆ ಹಸಿರು ಸೀರೆ ಬೇಕಿತ್ತು. ಮೆಟ್ಟಿಲು ಹತ್ತಿ ಬಂದವಳು ಸೆರಗಿನಿಂದ ಮುಖ ಮುಚ್ಚಿಕೊಂಡೇ ಕೂತಳು.

"ಯಾಕವಾ ತಂಗಿ, ಮುಖಾ ಯಾಕ ಮುಚ್ಚೀದಿ?"

"ನೋಡಬ್ಯಾಡ್ರಿ ಅಕ್ಕಾರ. ಹೊಟ್ಟಿ ಆದಾಗಿಂದ ಹಿಂಗಾಗೈತಿ." ಸೆರಗು ಸರಿಸಿದಳು. ಎರಡೂ ಕೆನ್ನೆಗೆ ಎಳೆಯ ಬಂಗು.

ಕಸ್ತೂರಿ ಜೋರಾಗಿ ನಕ್ಕುಬಿಟ್ಟಳು. ಅವಳ ಪಕ್ಕದಲ್ಲಿ ಕೂತು, ಕೆನ್ನೆಗೆ ಕೆನ್ನೆ ಹಚ್ಚಿ, ಇಬ್ಬರ ಮುಖವನ್ನೂ ಎದುರಿನ ಗೋಡೆಯ ಕನ್ನಡಿಯ ಕಡೆ ತಿರುಗಿಸಿದಳು. ಕನ್ನಡಿಯಲ್ಲಿ ನಾಲ್ಕು ಮಚ್ಚೆ, ಎರಡು ನಗು.

"ಈಗ ಪೂರ್ತಿ ನನ್ನ ತಂಗೀನ ಆದಿ ನೋಡು," ಎಂದಳು.

ಆಮೇಲೆ ಹಸಿರು ಸೀರೆಯನ್ನು ಮಹಾದೇವಿಯ ಹೆಗಲಿಗೆ ಹಾಕಿ, ಕೈ ಚಾಚಿ, ನನ್ನೊಳಗಿಂದ ಒಂದು ಪಿನ್ನು ತೆಗೆದುಕೊಂಡಳು.